ಉರಿಯದ ಕೈ

ನಮ್ಮ ಮನೆಯಲ್ಲಿ ಒಳ್ಳೆಯ ಬೆಳಕು ಬೀಳುತ್ತಿದ್ದದ್ದು ಪಡಸಾಲೆಯ ಒಂದು ಮೂಲೆಯಲ್ಲಿ ಮಾತ್ರ. ಅಥಣಿಯಿಂದ ಸತ್ತಿಯ ಕಡೆಗೆ ಹೋಗುವ ರಸ್ತೆಯನ್ನು ಬಿಟ್ಟು, ಕಬ್ಬಿನ ನಡುವಿನ ಗಾಡಿದಾರಿಯಲ್ಲಿ ಒಳಗೆ ಬಂದರೆ ನಮ್ಮ ತೋಟದ ಮನೆ. ಅಜ್ಜ ಕಟ್ಟಿಸಿದ ಮನೆಯಾದ್ದರಿಂದ ಗೋಡೆಗಳು ದಪ್ಪ, ಕಿಟಕಿಗಳು ಅಂಗೈಯಷ್ಟು. ಅಡುಗೆಮನೆಯಲ್ಲಿ ಹಗಲಿನಲ್ಲೂ ಒಲೆಯ ಬೆಂಕಿಯ ಬೆಳಕಿನಲ್ಲೇ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತೋಟದಲ್ಲಿ ದ್ರಾಕ್ಷಿಬಳ್ಳಿ ಹಚ್ಚಿದ ಮೇಲೆ ಅಪ್ಪ ಪಡಸಾಲೆಯ ಒಂದು ಕಿಟಕಿಯನ್ನು ಒಡೆಸಿ ದೊಡ್ಡದು ಮಾಡಿಸಿದ್ದ. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಎನ್ನುತ್ತಾರೆ. ಆ ಮಣೂಕ ಆರಿಸಿ ಕಡ್ಡಿ ತೆಗೆಯುವ ಹೆಂಗಸರಿಗೆ ಬೆಳಕು ಬೇಕಾಗಿತ್ತು. ಸುಗ್ಗಿ ಮುಗಿದ ಮೇಲೆ ಆ ಜಾಗ ಅಪ್ಪನ ತಾಯಿಯದು, ನಮ್ಮ ಆಯಿಯದು. ಆಯಿ ಅಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತು, ಸೀರೆಯನ್ನು ಮೊಳಕಾಲಿನವರೆಗೆ ಸರಿಸಿ, ಕಾಲು ಕೆರೆದುಕೊಳ್ಳುತ್ತಿದ್ದಳು. ನಾನು ಶಾಲೆಯಿಂದ ಬಂದು ಅವಳ ಪಕ್ಕದಲ್ಲೇ ಪಾಟಿಚೀಲ ಇಳಿಸಿ ಬರೆಯಲು ಕೂರುತ್ತಿದ್ದೆ. ಪರ್ ಪರ್ ಎಂಬ ಆ ಕೆರೆತದ ಸದ್ದಿನಲ್ಲೇ ನಾನು ಮಗ್ಗಿ ಕಲಿತದ್ದು.

ಆಯಿಯ ಎರಡೂ ಕಾಲಿಗೆ ಇಸಬು. ಕಪ್ಪಗೆ ದಪ್ಪಗಾದ ಚರ್ಮ ಬಿರಿದು ನೀರು ಸೋರುತ್ತಿತ್ತು. ಬೇವಿನ ತಪ್ಪಲು ಅರೆದು ಹಚ್ಚಿದರು, ಗಂಧಕ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದರು, ಯಾರೋ ಹೇಳಿದರೆಂದು ಟ್ರ್ಯಾಕ್ಟರಿನ ಹಳೆಯ ಆಯಿಲ್ ಕೂಡ ಹಚ್ಚಿದರು. ಕೊನೆಗೆ ಅವ್ವ ಹಟ ಹಿಡಿದು ಆಯಿಯನ್ನು ಕಾಗವಾಡದ ಮೇಲೆ ಹೋಗುವ ಬಸ್ಸಿಗೆ ಹತ್ತಿಸಿ ಮಿರಜಿಗೆ ಕರೆದುಕೊಂಡು ಹೋದಳು. ಅಲ್ಲಿನ ಒಂದು ದವಾಖಾನೆಯಲ್ಲಿ ಚರ್ಮದ ಡಾಕ್ಟರಾಗಿದ್ದವಳು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾವೆಲ್ಲ ಅವಳನ್ನು ಕೊನೆಯವರೆಗೂ ಡಾಕ್ಟರ್ ಬಾಯಿ ಎಂದೇ ಕರೆದೆವು. ಆ ಬಾಯಿ ಆಯಿಯ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳಂತೆ. ಮನೆಯ ಮಗ ಸೊಸೆಯೂ ಮುಟ್ಟಲು ಹಿಂಜರಿಯುತ್ತಿದ್ದ ಕಾಲು. ಆಯಿ ಇದನ್ನು ಬಂದವರಿಗೆಲ್ಲ ಹೇಳಿಕೊಂಡು ಅಳುತ್ತಿದ್ದಳು. ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ಮಳೆಗಾಲ ಕಳೆಯುವಷ್ಟರಲ್ಲಿ ಕಾಲು ವಾಸಿಯಾಯಿತು. ಆಯಿ ಮತ್ತೆ ಮಿರಜಿಗೆ ಹೋಗಿ, ನಮ್ಮ ತೋಟಕ್ಕೆ ಹೋಳಿಗೆ ಊಟಕ್ಕೆ ಬಾ ಎಂದು ಡಾಕ್ಟರ್ ಬಾಯಿಯ ಕೈ ಹಿಡಿದಳು. ಬಾಯಿ ಮರಾಠಿ ಸೇರಿಸಿದ ತನ್ನ ಕನ್ನಡದಲ್ಲಿ ಹೇಳಿದಳಂತೆ:

“ಆಜೀ, ಊಟ ನಂತರ. ಮೊದಲ ನಿಮ್ಮಂಗ ತುರಸ್ಕೋತ ಮನ್ಯಾಗ ಕೂತ ಮಂದಿ ಎಷ್ಟ ಅದಾರ, ಅವರ್ನ ಕೂಡಸ್ರಿ. ನಾ ಬರ್ತೀನಿ.”

ಹೀಗೆ ನಮ್ಮ ಪಡಸಾಲೆಯಲ್ಲಿ ಚರ್ಮದ ಶಿಬಿರ ಶುರುವಾಯಿತು. ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಆಳುಗಳಿಗೆ ಕೆಲಸವಿರುವುದಿಲ್ಲ. ಆ ದಿನವನ್ನೇ ಗೊತ್ತು ಮಾಡಿದರು. ಡಾಕ್ಟರ್ ಬಾಯಿ ರಜೆ ಹಾಕಿ, ಔಷಧದ ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದಳು. ಕಜ್ಜಿ, ಗಜಕರ್ಣ, ತೊನ್ನು, ಬಿರಿದ ಹಿಮ್ಮಡಿ, ಕಬ್ಬಿನ ಒಣ ರವದಿಗರಿ ಕೊಯ್ದು ಕೀವಾದ ತೋಳು, ಎಲ್ಲವೂ ಬಂದವು. ಮೊದಲ ಸಲ ಆಯಿ ತಾನೇ ನಿಂತು ಮಂದಿಯನ್ನು ಬೇರೆ ಮಾಡಿದಳು: ನಮ್ಮವರು ಪಡಸಾಲೆಯಲ್ಲಿ, ಆಚೆಯ ಓಣಿಯವರು ಅಂಗಳದ ಬೇವಿನ ಮರದ ಕೆಳಗೆ. ಡಾಕ್ಟರ್ ಬಾಯಿ ಜಗಳವಾಡಲಿಲ್ಲ. ಮರದ ನೆರಳಿನಲ್ಲಿ ಚರ್ಮದ ಬಣ್ಣ ಸರಿಯಾಗಿ ಕಾಣುವುದಿಲ್ಲ ಎಂದು ಹೇಳಿ, ಒಬ್ಬೊಬ್ಬರನ್ನೇ ಭುಜ ಹಿಡಿದು ಒಳಗೆ ಕರೆತಂದು ದೊಡ್ಡ ಕಿಟಕಿಯ ಕೆಳಗೆ, ಆಯಿಯ ಜಾಗದಲ್ಲಿ ಕೂರಿಸಿದಳು. ಆಯಿ ಏನೋ ಹೇಳಹೊರಟವಳು ತನ್ನ ಕಾಲು ನೋಡಿಕೊಂಡು ಪಕ್ಕಕ್ಕೆ ಸರಿದಳು. ಚಹಾದ ಬಟ್ಟಲು ಮಾತ್ರ ಬೇರೆಯೇ ಉಳಿದವು.

ಅವ್ವನನ್ನು ನಾನು ನಿಜವಾಗಿ ನೋಡಿದ್ದು ಆ ಅಮಾವಾಸ್ಯೆಗಳಲ್ಲಿ. ಉಳಿದ ದಿನ ಅವಳು ಒಲೆಯ ಮುಂದಿನ ಬೆನ್ನು ಅಷ್ಟೇ. ಶಿಬಿರದ ದಿನ ನಸುಕಿನಲ್ಲೇ ಹಂಡೆಯಲ್ಲಿ ನೀರು ಕಾಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂದವರ ಕೈಕಾಲು ತೊಳೆದು ಒರೆಸಿ ಡಾಕ್ಟರ್ ಬಾಯಿಯ ಮುಂದೆ ಕಳಿಸುತ್ತಿದ್ದಳು. ಕಜ್ಜಿಯಾದವರ ಮನೆಗಳಿಗೆ ಹೋಗಿ, ಔಷಧ ಒಬ್ಬರಿಗೆ ಹಚ್ಚಿದರೆ ಸಾಲದು, ಮನೆಮಂದಿಯೆಲ್ಲ ಒಂದೇ ದಿನ ಕುತ್ತಿಗೆಯಿಂದ ಉಂಗುಟದವರೆಗೆ ಹಚ್ಚಿಕೊಳ್ಳಬೇಕು, ಕೌದಿ ಬಿಸಿಲಿಗೆ ಹಾಕಬೇಕು ಎಂದು ತಿಳಿಹೇಳುತ್ತಿದ್ದಳು. ಅಪ್ಪನಿಗೂ ಆಗ ಹೆಮ್ಮೆಯೇ. ಬಂದವರಿಗೆಲ್ಲ ಉಪ್ಪಿಟ್ಟು, ಶಿರಾ ಮಾಡಿಸುತ್ತಿದ್ದ. ಬಿಳಿ ನೆಹರೂ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು, “ಬರ್ರಿ, ಕುಂದರ್ರಿ, ನಾಚಬ್ಯಾಡ್ರಿ, ಇದು ನಿಮ್ಮ ಮನೀನ” ಎನ್ನುತ್ತಿದ್ದ. ಡಾಕ್ಟರ್ ಬಾಯಿ ಹೋಗುವಾಗ ಅವಳ ಚೀಲಕ್ಕೆ ದ್ರಾಕ್ಷಿಯ ಗೊಂಚಲು ತುಂಬುತ್ತಿದ್ದ. ನಮ್ಮ ಮನೆ ಊರಿನಲ್ಲಿ ಒಳ್ಳೆಯ ಹೆಸರು ಪಡೆದ ದಿನಗಳು ಅವು. ನನಗೆ ನೆನಪಿರುವ ಅವ್ವನ ನಗುವೂ ಹೆಚ್ಚಾಗಿ ಆ ದಿನಗಳದ್ದೇ.

ಇಲ್ಲಿ ಶೇವಂತಾಳ ವಿಷಯ ಹೇಳಬೇಕು. ಅವಳು ಆಚೆಯ ಓಣಿಯವಳು, ನಮ್ಮ ದ್ರಾಕ್ಷಿ ಕೆಲಸದ ಹೆಂಗಸರಲ್ಲಿ ಮುಂದಾಳು. ಅವ್ವನ ವಯಸ್ಸಿನವಳೇ. ಮನೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ, ಹಾಡಿದರೆ ಎರಡರಲ್ಲೂ. ಅವಳ ಗಟ್ಟಿತನ ನಮ್ಮ ಮನೆಯಲ್ಲಿ ದೊಡ್ಡ ಮಾತಾಗಿತ್ತು. ಸುಗ್ಗಿಯ ದಿನ ಅಂಗಳದಲ್ಲಿ ಆಳುಗಳಿಗೆ ಅಡುಗೆ ಮಾಡುವಾಗ ಕುದಿಯುವ ಬೇಳೆಯ ಬೋಗುಣಿಯನ್ನು ಅವಳು ಬಟ್ಟೆ ಹಿಡಿಯದೆ ಬರಿಗೈಯಿಂದ ಇಳಿಸುತ್ತಿದ್ದಳು. ನಾನು ಬೆರಗಾಗಿ ನೋಡುತ್ತಿದ್ದೆ. ಅಪ್ಪ ಉಳಿದ ಹೆಂಗಸರಿಗೆ ಅವಳನ್ನು ತೋರಿಸಿ ಹೇಳುತ್ತಿದ್ದ:

“ನೋಡ್ರಿ, ಕೈ ಅಂದ್ರ ಹಿಂಗಿರಬೇಕು. ನೀವು ಬರೇ ಉಸ್ ಉಸ್ ಅಂತೀರಿ.”

ಶೇವಂತಾ ನಕ್ಕುಬಿಡುತ್ತಿದ್ದಳು. ಹೊಗಳಿಕೆ ಅವಳಿಗೂ ಬೇಕಾಗಿತ್ತೇನೋ. ಹೆಚ್ಚಿನ ಕೆಲಸ ಬಂದಾಗಲೆಲ್ಲ ಅದು ಅವಳ ಪಾಲಿಗೇ ಬರುತ್ತಿತ್ತು.

ಮಳೆ ನಿಂತ ಮೇಲೆ ದ್ರಾಕ್ಷಿಬಳ್ಳಿಯ ಟೊಂಗೆ ಕತ್ತರಿಸುತ್ತಾರೆ. ಅದಕ್ಕೆ ನಮ್ಮಲ್ಲಿ ಛಾಟ್ನಿ ಎನ್ನುತ್ತಾರೆ. ಕತ್ತರಿಸಿದ ಕಡ್ಡಿಯ ಕಣ್ಣುಗಳು ಎಲ್ಲವೂ ಒಟ್ಟಿಗೆ ಚಿಗುರಲೆಂದು ಒಂದು ಔಷಧವನ್ನು ನೀರಿನಲ್ಲಿ ಕಲಸಿ, ಹೆಂಗಸರು ಕೈಯಿಂದಲೇ ಒಂದೊಂದು ಕಣ್ಣಿಗೂ ಒರೆಸಿ ಹೋಗುತ್ತಾರೆ. ಛಾಟ್ನಿಯ ಬೆನ್ನಲ್ಲೇ ಈ ಪೇಸ್ಟ್ ಬೀಳದಿದ್ದರೆ ತೋಟವೆಲ್ಲ ಏರುಪೇರಾಗಿ ಚಿಗುರುತ್ತದೆ. ಆಗ ಕೈಗೆ ಕಟ್ಟಿಕೊಳ್ಳುತ್ತಿದ್ದದ್ದು ತೆಳು ಪ್ಲಾಸ್ಟಿಕ್ ಚೀಲ. ಅರ್ಧ ಸಾಲು ಮುಗಿಯುವಷ್ಟರಲ್ಲಿ ಅದು ಹರಿದು ಔಷಧ ಒಳಗೆ ಇಳಿಯುತ್ತಿತ್ತು. ಆ ಸಲದ ಅಮಾವಾಸ್ಯೆ ಬಂದದ್ದು ಈ ಕೆಲಸದ ನಟ್ಟನಡುವೆ. ಶಿಬಿರಕ್ಕೆ ಬಂದ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಕೈ ಚಾಚಿದರು. ಎಲ್ಲರ ಕೈಯೂ ಒಂದೇ ರೀತಿ: ಸುಟ್ಟು ಕಪ್ಪಾದ ಅಂಗೈ, ಬೆರಳ ಸಂದಿಯಲ್ಲಿ ಬೊಬ್ಬೆ, ಸುಲಿದ ತೊಗಲು. ಡಾಕ್ಟರ್ ಬಾಯಿ ಕೇಳಿದಳು:

“ಎಲ್ಲಿ ಕೆಲಸಾ ಮಾಡ್ತೀರಿ ನೀವು?”

ಹೆಂಗಸರು ಅವ್ವನ ಮುಖ ನೋಡಿದರು. ಶೇವಂತಾಳೇ ಬಾಯಿ ಬಿಟ್ಟಳು:

“ಇಲ್ಲೇರಿ. ಇವರ ದ್ರಾಕ್ಷಿ ಬಾಗ್ಯಾಗ.”

ಅವಳ ಸರದಿ ಬಂದಾಗ ಬಾಯಿ ಅವಳ ಕೈಯನ್ನು ಬೆಳಕಿಗೆ ಹಿಡಿದಳು. ಎಡಗೈಯ ಹೊರಅಂಚಿನಲ್ಲಿ, ಕಿರುಬೆರಳಿನ ಕೆಳಗೆ, ಎಲ್ಲರಿಗಿಂತ ಆಳವಾದ ಸುಟ್ಟ ಗಾಯವಿತ್ತು.

“ಇದು ಭಾಳ ಉರೀತೈತೇನು?”

“ಇಲ್ರಿ ಬಾಯಾರ, ನನಗೇನೂ ಉರಿಯೂದಿಲ್ಲ,” ಎಂದಳು ಶೇವಂತಾ, ಅದೇ ನಗುವಿನಲ್ಲಿ. “ಇವರಂಗ ನಾ ಅಳಬುರುಕಿ ಅಲ್ರಿ.”

ಹೆಂಗಸರು ನಕ್ಕರು. ಡಾಕ್ಟರ್ ಬಾಯಿ ನಗಲಿಲ್ಲ. ಶೇವಂತಾಳ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಆ ಕೈಯನ್ನು ಅಲ್ಲಲ್ಲಿ ಮುಟ್ಟಿ, ಮುಟ್ಟಿದ ಕಡೆ ಬೆರಳಿಡು ಎಂದಳು. ಶೇವಂತಾ ಕೆಲವು ಕಡೆ ಬೆರಳಿಟ್ಟಳು, ಕೆಲವು ಕಡೆ ಸುಮ್ಮನೆ ಕಣ್ಣು ಮುಚ್ಚಿಕೊಂಡು ಕಾಯುತ್ತ ಕೂತಳು. ಬಾಯಿ ಅವಳ ಮೊಳಕೈಯ ಹಿಂದಿನ ನರವನ್ನು ಒತ್ತಿ ನೋಡಿ, ಗಾಯಕ್ಕೆ ಪಟ್ಟಿ ಕಟ್ಟಿ ಕಳಿಸಿದಳು. ಆಮೇಲೆ ಅವ್ವನನ್ನು ಅಡುಗೆಮನೆಗೆ ಕರೆದಳು. ಅಲ್ಲಿ ಏನು ಮಾತಾಯಿತೆಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ, ಅವ್ವನ ಬಾಯಿಂದಲೇ. ಗಾಯದ ಊತ ಇಳಿದ ಮೇಲೆ ಇವಳನ್ನು ಮಿರಜಿಗೆ ಕರೆದುಕೊಂಡು ಬಾ, ಇದು ಕುಷ್ಠ ಇದ್ದರೂ ಇರಬಹುದು, ಈಗಲೇ ಗುಳಿಗೆ ಶುರು ಮಾಡಿದರೆ ಏನೂ ಆಗುವುದಿಲ್ಲ, ಖಾತ್ರಿಯಾಗುವವರೆಗೆ ಯಾರ ಮುಂದೆಯೂ ಹೆಸರು ಎತ್ತಬೇಡ ಎಂದು ಡಾಕ್ಟರ್ ಬಾಯಿ ಹೇಳಿದ್ದಳು. ಅವ್ವ ಹೂಂ ಅಂದಿದ್ದಳು.

ಹೋಗುವ ಮುನ್ನ ಬಾಯಿ ಅಪ್ಪನಿಗೂ ಮೆತ್ತಗೆ ಹೇಳಿದಳು: ದಪ್ಪ ರಬ್ಬರಿನ ಕೈಗವಸು ಕೊಡಿಸಿ, ಸಾಲಿನ ಎರಡೂ ತುದಿಗೆ ತೊಳೆಯಲು ನೀರಿಡಿಸಿ. ಅಪ್ಪ ತಲೆಯಾಡಿಸಿದ. ಆದರೆ ಆ ಮಾತು ಹೆಂಗಸರ ಕಿವಿಗೂ ಬಿದ್ದಿತ್ತು. ಮರುದಿನ ಸುತ್ತಲಿನ ತೋಟಗಳಲ್ಲೆಲ್ಲ ಹೆಂಗಸರು ಕೈಗವಸಿಲ್ಲದೆ ಪೇಸ್ಟ್ ಮುಟ್ಟುವುದಿಲ್ಲ ಎಂದು ಬದುವಿನ ಮೇಲೆ ಕೂತುಬಿಟ್ಟರು. ಛಾಟ್ನಿಯಾದ ಬಳ್ಳಿಗಳು ಕಾಯುತ್ತಿದ್ದವು. ಹತ್ತಿರದ ತೋಟದವರು ನಾಲ್ಕಾರು ಜನ ಸೇರಿ ನಮ್ಮ ಪಡಸಾಲೆಗೆ ಬಂದರು. ನಮ್ಮ ಬಾಗಾ ಹಾಳಾದರೆ ನೀವು ತುಂಬಿ ಕೊಡ್ತೀರೇನು ಅಣ್ಣಾಸಾಬ್ರ, ಎಂದು ಅಪ್ಪನನ್ನು ಅವನ ಮನೆಯಲ್ಲೇ ಕೂತು ಕೇಳಿದರು. ಅವರು ಹೋದ ಮೇಲೆ ಅಪ್ಪ ಊಟಕ್ಕೆ ಕೂತ. ಅವ್ವ ರೊಟ್ಟಿ ಹಾಕಿದಳು. ಅವನು ಮುಟ್ಟಲಿಲ್ಲ.

“ಅಕಿ ಚರ್ಮಾ ನೋಡಾಕ ಬಂದಿದ್ದಳೋ, ನನ್ನ ಬಾಗಾ ನೋಡಾಕ ಬಂದಿದ್ದಳೋ? ಇನ್ನ ಈ ಮನ್ಯಾಗ ಶಿಬಿರಾ ಬ್ಯಾಡ.”

“ಅವರ ಕೈ ನೀವೂ ನೋಡೀರಲ್ರಿ,” ಎಂದಳು ಅವ್ವ.

“ಎಲ್ಲಾರ ಬಾಗ್ಯಾಗೂ ಹಂಗ ಐತಿ. ನಾ ಒಬ್ಬನ ಯಾಕ ಕೆಟ್ಟವ ಆಗಲಿ?”

“ಎಲ್ಲಾರ ಮನ್ಯಾಗ ಶಿಬಿರಾ ಇಲ್ಲಲ್ರಿ. ನಮ್ಮ ಮನ್ಯಾಗ ಐತಿ. ಅದಕ್ಕ ಕೈಗವಸು ನಾವ ಮೊದಲ ಕೊಡಬೇಕು.”

ಅಪ್ಪ ತಾಟು ಸರಿಸಿ ಎದ್ದ. ಆಯಿಯ ಕಡೆ ನೋಡಿದ. ಅವಳ ಒಂದು ಮಾತಿನಿಂದ ಅಂದು ಏನಾದರೂ ಬದಲಾಗಬಹುದಿತ್ತು. ಆಯಿ ವಾಸಿಯಾದ ಕಾಲನ್ನು ಸೀರೆಯೊಳಗೆ ಎಳೆದುಕೊಂಡು, “ತಮ್ಮಾ, ಊಟಾ ಬಿಟ್ಟ ಏಳಬ್ಯಾಡೋ” ಎಂದಳು, ಅಷ್ಟೇ. ಅಪ್ಪ ಅವ್ವ ಕೆಲವು ದಿನ ಮಾತಾಡಲಿಲ್ಲ. ಏನು ಬೇಕಿದ್ದರೂ “ನಿಮ್ಮವ್ವಗ ಹೇಳು”, “ನಿಮ್ಮಪ್ಪಗ ಹೇಳು” ಎಂದು ನನ್ನ ಮೂಲಕವೇ. ಆಮೇಲೊಂದು ಸಂಜೆ ಅಪ್ಪ ಅಥಣಿಯಿಂದ ಬಂದವನೇ ಒಂದು ಚೀಲವನ್ನು ಅವ್ವನ ಮುಂದೆ ಇಳಿಸಿದ. ಅದರ ತುಂಬ ದಪ್ಪ ರಬ್ಬರಿನ ಕೈಗವಸುಗಳು.

“ತಗೋ, ಕೊಡು ಎಲ್ಲಾರಿಗೂ. ಆದ್ರ ಶಿಬಿರದ ಮಾತು ಎತ್ತಬ್ಯಾಡ. ಆ ಬಾಯೀನ ಈ ಹೊಸ್ತಿಲಾ ದಾಟಸಬ್ಯಾಡ, ನೀನೂ ಮಿರಜಿಗಿ ಹೋಗಬ್ಯಾಡ.”

ಅವ್ವ ಆ ಚೀಲವನ್ನು ತೆಗೆದುಕೊಂಡಳು. ಅಷ್ಟು ಹೆಂಗಸರ ಕೈ ಉಳಿಯಿತಲ್ಲ ಎಂದುಕೊಂಡಳಂತೆ. ಶೇವಂತಾಳನ್ನು ಮಣೂಕದ ಕೆಲಸ ಮುಗಿದ ಮೇಲೆ ಹೇಗಾದರೂ ಕರೆದುಕೊಂಡು ಹೋಗೋಣ, ಅಷ್ಟರಲ್ಲಿ ಇವನ ಸಿಟ್ಟೂ ಇಳಿಯುತ್ತದೆ ಎಂದುಕೊಂಡಳು. ನೀನೊಬ್ಬಳೇ ಹೋಗಿ ಬಾ ಎಂದು ಹೇಳಬಹುದಿತ್ತು. ಆದರೆ ಯಾಕೆ ಎಂದು ಶೇವಂತಾ ಕೇಳಿದರೆ ಆ ಕಾಯಿಲೆಯ ಹೆಸರು ಹೇಳಬೇಕಾಗುತ್ತಿತ್ತು. ಹೆಸರು ಓಣಿಯಲ್ಲಿ ಹಬ್ಬಿದರೆ ಅವಳನ್ನು ಯಾರು ಕೆಲಸಕ್ಕೆ ಕರೆದಾರು ಎಂಬ ಹೆದರಿಕೆ ಅವ್ವನಿಗಿತ್ತು. ಹೀಗೆ ಇವತ್ತು ನಾಳೆ ಎನ್ನುತ್ತ ದಿನ ಕಳೆದವು. ಎಲ್ಲರಿಗೂ ಒಳ್ಳೆಯದೆಂದು ಬಂದ ಆ ಕೈಗವಸುಗಳೇ ಶೇವಂತಾಳ ಕೈಯನ್ನು ನಮ್ಮ ಕಣ್ಣಿಗೆ ಬೀಳದಂತೆ ಮಾಡಿದವು. ಬೆಳಗ್ಗೆ ಬದುವಿನ ಮೇಲೆ ಹಾಕಿಕೊಂಡವಳು ಸಂಜೆ ಬದುವಿನ ಮೇಲೇ ಬಿಚ್ಚಿ ಮನೆಗೆ ಹೋಗುತ್ತಿದ್ದಳು.

ಬೇಸಗೆಯ ಆರಂಭದಲ್ಲಿ ಮಣೂಕ ಮನೆಗೆ ಬಂತು. ಹೆಂಗಸರು ಪಡಸಾಲೆಯಲ್ಲಿ ಮೊರ ಹಿಡಿದು ಸಾಲಾಗಿ ಕೂತರು. ಈ ಕೆಲಸಕ್ಕೆ ಬರಿಗೈಯೇ ಬೇಕು. ಶೇವಂತಾಳ ಮೊರ ಮುಂದಕ್ಕೆ ಹೋಗುತ್ತಿರಲಿಲ್ಲ. ಎಡಗೈಯಲ್ಲಿ ಹಿಡಿದ ಮಣೂಕಗಳು ಜಾರಿ ನೆಲಕ್ಕೆ ಬೀಳುತ್ತಿದ್ದವು. ಆಯಿ ಅವಳನ್ನೇ ನೋಡುತ್ತಿದ್ದವಳು ಕೇಳಿದಳು:

“ಶೇವಂತಾ, ನಿನ್ನ ಕಿರಿಬೆರಳ ಯಾಕ ಹಂಗ ಬಾಗೇತಿ?”

“ಏನೋರಿ ಆಯಿ, ಸೆಟದೈತಿ. ಎಣ್ಣಿ ತಿಕ್ಕಾಕತ್ತೀನಿ.”

ಅವ್ವ ಚಹಾದ ತಟ್ಟೆ ಹಿಡಿದು ಬರುತ್ತಿದ್ದಳು. ಶೇವಂತಾಳ ಕೈಯನ್ನು ನೋಡಿ ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟು, ಅವಳ ಮುಂದೆ ಕುಕ್ಕರಿಸಿ, ಕೊನೆಯ ಎರಡು ಬೆರಳನ್ನು ಹಿಡಿದು ನೆಟ್ಟಗೆ ಮಾಡಲು ನೋಡಿದಳು. ಕೈ ಬಿಟ್ಟೊಡನೆ ಅವು ಮತ್ತೆ ಮಡಿಚಿಕೊಂಡವು. ಮರುದಿನ ಬೆಳಗ್ಗೆ ಅವ್ವ ಯಾರನ್ನೂ ಕೇಳಲಿಲ್ಲ. ಅಪ್ಪ ಅಂಗಳದಲ್ಲಿ ನಿಂತಿದ್ದಾಗಲೇ ಅವನ ಮುಂದಿನಿಂದ ಹಾದು, ಶೇವಂತಾಳನ್ನು ಕರೆದುಕೊಂಡು ಮಿರಜಿನ ಬಸ್ಸು ಹತ್ತಿದಳು.

ಡಾಕ್ಟರ್ ಬಾಯಿ ಬೈಯಲಿಲ್ಲವಂತೆ. ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, ಅವ್ವನ ಕಡೆ ತಿರುಗಿ, “ಕಸ್ತೂರಿಬಾಯೀ, ಛಾಟ್ನಿ ಟೈಮಿಗೇ ಹೇಳಿದ್ನಲ್ಲಾ” ಎಂದು ಮಾತ್ರ ಅಂದಳು. ಅಲ್ಲಿಯೇ, ಅವ್ವನ ಎದುರಿಗೇ ಶೇವಂತಾಳಿಗೆ ಎಲ್ಲವನ್ನೂ ತಿಳಿಸಿ ಹೇಳಿದಳು. ಕಾಯಿಲೆ ಗುಳಿಗೆಯಿಂದ ಪೂರ್ತಿ ಹೋಗುತ್ತದೆ, ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ, ಗುಳಿಗೆ ಶುರುವಾದ ಮೇಲೆ ಯಾರಿಗೂ ಹರಡುವುದಿಲ್ಲ. ಆದರೆ ನರ ಸತ್ತಿರುವ ಕಡೆ ಬೆರಳು ಮತ್ತೆ ನೆಟ್ಟಗಾಗುತ್ತದೆಂದು ತಾನು ಮಾತು ಕೊಡಲಾರೆ ಎಂದಳು. ಬಸ್ಸಿನಲ್ಲಿ ಬರುವಾಗ ಶೇವಂತಾ ಕಿಟಕಿಯ ಆಚೆ ನೋಡುತ್ತ ಕೂತಿದ್ದವಳು ಕಾಗವಾಡ ದಾಟಿದ ಮೇಲೆ ಕೇಳಿದಳಂತೆ:

“ನಿಮಗ ಗೊತ್ತಿತ್ತೇನ್ರಿ ಅಕ್ಕಾರ?”

ಅವ್ವ ಗೊತ್ತಿತ್ತು ಅಂದಳು.

ಶೇವಂತಾ ತಿಂಗಳುಗಟ್ಟಲೆ ಗುಳಿಗೆ ನುಂಗಿದಳು. ಕಾಯಿಲೆ ಹೋಯಿತು. ಬೆರಳು ಹಾಗೇ ಉಳಿದವು. ಅವಳ ಗಂಡ, ಮಕ್ಕಳು, ಓಣಿಯವರು ಯಾರೂ ಅವಳನ್ನು ದೂರ ಮಾಡಲಿಲ್ಲ. ಅವ್ವ ಹೆದರಿದಂತೆ ಅಲ್ಲಿ ಏನೂ ಆಗಲಿಲ್ಲ. ದೂರ ಮಾಡಿದ್ದು ನಮ್ಮ ಮನೆ. ಆಯಿ ಅವಳು ಕೂತಿದ್ದ ಜಾಗವನ್ನು ಗೋಮೂತ್ರ ಹಾಕಿ ತೊಳೆಸಿದಳು. ತನ್ನ ಕಾಲನ್ನು ಒಬ್ಬಳು ತೊಡೆಯ ಮೇಲಿಟ್ಟುಕೊಂಡಳೆಂದು ಊರೆಲ್ಲ ಹೇಳಿ ಅತ್ತಿದ್ದ ಅದೇ ಆಯಿ. ನನಗೆ ಅವಳ ಮೇಲೆ ತುಂಬ ಪ್ರೀತಿಯಿತ್ತು. ಇವತ್ತಿಗೂ ಆಯಿಯನ್ನು ನೆನೆದಾಗ ಮೊದಲು ಅವಳ ಸೀರೆಯ ವಾಸನೆ ಬರುತ್ತದೆ, ಹಿಂದೆಯೇ ಆ ಗೋಮೂತ್ರದ ವಾಸನೆ. ಅಪ್ಪ ಮುಂದಿನ ಛಾಟ್ನಿಗೆ ಶೇವಂತಾಳನ್ನು ಕರೆಯಲಿಲ್ಲ. ಯಾಕೆಂದು ಅವ್ವ ಕೇಳಿದರೆ, “ಆ ಕೈಲೇ ಏನ ಮಾಡತಾಳ ಅಕಿ?” ಎಂದ. ಅವನು ಕಟುಕನಾಗಿರಲಿಲ್ಲ. ಆ ಕೈಯನ್ನು ತಾನು ಎಷ್ಟೊಂದು ಹೊಗಳಿದ್ದೆ ಎಂಬುದು ಅವನಿಗೆ ನೆನಪಿತ್ತೆಂದು, ಅದಕ್ಕೇ ಅದನ್ನು ನೋಡಲಾರದೆ ಹೋದನೆಂದು ಈಗ ನನಗನಿಸುತ್ತದೆ. ಇದನ್ನು ಅವನು ಬದುಕಿದ್ದಾಗ ನಾನು ಕೇಳಲಿಲ್ಲ.

ನಮ್ಮ ಪಡಸಾಲೆಯಲ್ಲಿ ನಿಂತ ಶಿಬಿರ ಶೇವಂತಾಳ ಓಣಿಯಲ್ಲಿ ಮತ್ತೆ ಶುರುವಾಯಿತು, ಅಲ್ಲಿನ ಬುದ್ಧ ವಿಹಾರದ ಕಟ್ಟೆಯ ಮೇಲೆ. ಮಿರಜಿಗೆ ಹೋಗಿ ಡಾಕ್ಟರ್ ಬಾಯಿಯನ್ನು ಕರೆದದ್ದು ಓಣಿಯ ಹೆಂಗಸರೇ. ಅವ್ವ ಯಾರೂ ಕರೆಯದೆಯೇ ತಾನಾಗಿ ಅಲ್ಲಿಗೆ ಹೋದಳು. ಅಮಾವಾಸ್ಯೆ ಬಂತೆಂದರೆ ಅಡುಗೆ ಮುಗಿಸಿ, ಬಂದವರ ಕಾಲು ತೊಳೆಯಲು ಮನೆಯ ದೊಡ್ಡ ಹಿತ್ತಾಳೆ ಪರಾತವನ್ನು ನನ್ನ ತಲೆಯ ಮೇಲಿಟ್ಟು, ಗಾಡಿದಾರಿಯಲ್ಲಿ ಹೊರಡುತ್ತಿದ್ದಳು. ಅಪ್ಪ ನೋಡಿಯೂ ನೋಡದವನಂತೆ ಕಬ್ಬಿನ ಕಡೆ ಹೋಗುತ್ತಿದ್ದ. ನಾನು ಇವತ್ತು ರಾಯಬಾಗದ ಕಡೆ ಶಾಲೆಯಲ್ಲಿ ಕಲಿಸುತ್ತ, ರವಿವಾರ ಉಗಾರ, ದಿಗ್ಗೇವಾಡಿಯ ಕಡೆ ಚರ್ಮದ ಶಿಬಿರಗಳಿಗೆ ಹೋಗುತ್ತಿದ್ದರೆ ಅದಕ್ಕೆ ಆ ಕಟ್ಟೆಯೇ ಕಾರಣ. ಕುಷ್ಠದ ಮಾತು ಬಂದಾಗ ಆ ಕಟ್ಟೆಯ ಮೇಲೆ ಡಾಕ್ಟರ್ ಬಾಯಿ ಶೇವಂತಾಳನ್ನು ಮುಂದೆ ಕೂರಿಸುತ್ತಿದ್ದಳು. ಶೇವಂತಾ ತನ್ನ ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹೇಳುತ್ತಿದ್ದಳು:

“ಉರಿದ್ರ ಹೆದರಬ್ಯಾಡ್ರಿ. ಉರಿಯಲಿಲ್ಲಂದ್ರ ಹೆದರ್ರಿ, ಆವತ್ತ ಬಂದ ತೋರಸ್ರಿ. ಮಂದಿ ಗಟ್ಟಿ ಅದಿ ಅಂತಾರ, ನಂಬಬ್ಯಾಡ್ರಿ.”

ಆ ಮಾತು ಬಂದಾಗಲೆಲ್ಲ ಅವ್ವ ತಲೆ ತಗ್ಗಿಸಿ, ಕೈಯಲ್ಲಿದ್ದ ಕಾಲನ್ನು ಇನ್ನಷ್ಟು ತಿಕ್ಕುತ್ತಿದ್ದಳು. ನಾನು ಹೈಸ್ಕೂಲಿನ ಕೊನೆಯಲ್ಲಿದ್ದಾಗ ಒಂದು ಮಧ್ಯಾಹ್ನ, ಮಂದಿ ಕಡಿಮೆಯಾಗಿ, ಕಟ್ಟೆಯ ಮೇಲೆ ಅವ್ವ, ಶೇವಂತಾ, ನಾನು ಅಷ್ಟೇ ಉಳಿದಿದ್ದೆವು. ಅವ್ವ ಕೈ ಒರೆಸಿಕೊಂಡು ಶೇವಂತಾಳ ಕಡೆ ತಿರುಗಿದಳು.

“ಶೇವಂತಾ, ಆವತ್ತಿಂದ ಇವತ್ತಿನ ತನಕ ನೀ ನನಗ ಒಂದ ಮಾತು ಅಂದಿಲ್ಲ. ಒಮ್ಮೆ ಬೈದಬಿಡ. ಮನಸ್ಸಿನ್ಯಾಗ ಇದ್ದದ್ದೆಲ್ಲಾ ಬೈ.”

ಶೇವಂತಾಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಬೈದ್ರ ನಿಮಗ ಹಗುರಾಗತೈತ್ರಿ ಅಕ್ಕಾರ. ಅದಕ್ಕ ಬೈಯೂದಿಲ್ಲ.”

ಅವ್ವ ಹೂಂ ಎಂದಳು. ಅಷ್ಟರಲ್ಲಿ ಒಬ್ಬ ಮುದುಕಿ ಮೆಟ್ಟಿಲು ಹತ್ತಿ ಬಂದು, ಬಿರಿದ ಹಿಮ್ಮಡಿಯನ್ನು ಮುಂದೆ ಚಾಚಿ ಕೂತಳು. ಅವ್ವ ಪರಾತವನ್ನು ಹತ್ತಿರ ಎಳೆದುಕೊಂಡಳು. ಶೇವಂತಾ ತಂಬಿಗೆಯನ್ನು ಬಲಗೈಯಲ್ಲಿ ಎತ್ತಿ, ಮಡಿಚಿದ ಎಡಗೈಯನ್ನು ಅದರ ಕೆಳಗೆ ಆನಿಸಿ, ನೀರು ಹಾಕಿದಳು. ಅವ್ವ ತೊಳೆದಳು.